ರೀಲ್ಸ್ ಹಾಡು ರಾತ್ರೋರಾತ್ರಿ ಮ್ಯೂಟ್: ಆಡಿಯೋ ಕಂಪನಿ, ಪ್ಲಾಟ್‌ಫಾರ್ಮ್ ಜಗಳದಲ್ಲಿ ನಿಜಕ್ಕೂ ನಡೆಯೋದೇನು?

ಶ್ರುತಿಪೆಟ್ಟಿಗೆ:

2024ರ ಜನವರಿ 31ಕ್ಕೆ ಟಿಕ್‌ಟಾಕ್ ಜೊತೆಗಿನ ಯೂನಿವರ್ಸಲ್ ಮ್ಯೂಸಿಕ್ ಒಪ್ಪಂದ ಮುಗೀತು. ಮರುದಿನದಿಂದಲೇ ಹಾಡುಗಳು ಮಾಯ. ಮೇ ಮೊದಲ ವಾರದಲ್ಲಿ ರಾಜಿ ಆಯ್ತು. ಟೇಲರ್ ಸ್ವಿಫ್ಟ್ ಹಾಡು ಹೋಯ್ತು, ಬಂತು ಅನ್ನೋದರಾಚೆಗೆ ಕನ್ನಡದಲ್ಲಿ ಇದರ ವಿವರ ಸಿಗೋದು ಕಷ್ಟ. ತಿಳಿದವರು ಬಿಡಿಸಿ ಹೇಳಿ.

ಒಪ್ಪಂದ ಮುಗಿದರೆ ಹೊಸ ವಿಡಿಯೋ ನಿಲ್ಲಬೇಕು, ಸರಿ. ವರ್ಷದ ಹಿಂದೆ ಹಾಕಿದ ವಿಡಿಯೋ ಯಾಕೆ ಮೂಕವಾಗಬೇಕು? ಬೇರೆ ಕಂಪನಿಯ ಗಾಯಕರ ಹಾಡುಗಳೂ ಕೆಲವು ಹೋದವಲ್ಲ, ಅದು ಹೇಗೆ? ಇನ್ನೊಂದು, ನಮ್ಮ ಕಡೆ ಸೀರೆ ಅಂಗಡಿ, ಹೋಟೆಲ್, ಜಿಮ್‌ನವರೆಲ್ಲ ಕನ್ನಡ ಸಿನಿಮಾ ಹಾಡು ಹಾಕಿ ರೀಲ್ಸ್ ಬಿಡ್ತಾರೆ. 'ಆ್ಯಪ್‌ನೊಳಗೇ ಇದ್ದ ಹಾಡು' ಅನ್ನೋ ಸಮಜಾಯಿಷಿ ನಿಲ್ಲುತ್ತಾ?

ಮಾಸ್ಟರ್‌ಟೇಪ್:

ಮೊದಲು ಒಂದು ವಿಷಯ ತಲೆಗೆ ಹಾಕಿಕೊಂಡರೆ ಉಳಿದದ್ದು ಸಲೀಸು. ನಾವು 'ಒಂದು ಹಾಡು' ಅನ್ನೋದರಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿವೆ. ಸ್ಟುಡಿಯೋದಲ್ಲಿ ದಾಖಲಾದ ಧ್ವನಿಮುದ್ರಣ ಒಂದು, ಅದಕ್ಕೆ ಮಾಸ್ಟರ್ ಅಂತಾರೆ. ಅದರೊಳಗಿನ ಸಾಹಿತ್ಯ ಮತ್ತು ರಾಗಸಂಯೋಜನೆ ಇನ್ನೊಂದು, ಅದಕ್ಕೆ ಪಬ್ಲಿಷಿಂಗ್. ಪ್ಲಾಟ್‌ಫಾರ್ಮ್‌ಗೆ ಎರಡೂ ಕಡೆಯ ಸಹಿ ಬೇಕು. ಒಂದು ಕಡೆ ತಪ್ಪಿದರೂ ಹಾಡನ್ನ ಇಳಿಸಬೇಕು, ಅಂದರೆ ಆ್ಯಪ್‌ನಿಂದ ತೆಗೆದುಹಾಕಬೇಕು.

ಯೂನಿವರ್ಸಲ್‌ಗೆ ಎರಡೂ ಅಂಗಗಳಿವೆ. ಫೆಬ್ರವರಿ 1ಕ್ಕೆ ಇಳಿದದ್ದು ಮಾಸ್ಟರ್‌ಗಳು, ಅಂದರೆ ಆ ಕಂಪನಿಯ ಕಲಾವಿದರ ಧ್ವನಿಮುದ್ರಣ. ಪಬ್ಲಿಷಿಂಗ್ ಸರದಿ ಬಂದದ್ದು ಫೆಬ್ರವರಿ ಕೊನೆಗೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಈಗಿನ ಪಾಪ್ ಹಾಡಿಗೆ ನಾಲ್ಕೈದು ಜನ ಬರಹಗಾರರು ಇರೋದು ಮಾಮೂಲು. ಹಾಡಿದವರು ಸೋನಿಯವರು, ನಾಲ್ವರು ಬರಹಗಾರರು ಬೇರೆ ಬೇರೆ ಪಬ್ಲಿಷರ್ ಕಡೆಯವರು, ಐದನೆಯವರ ಶೇ. 10 ಪಾಲು ಮಾತ್ರ ಯೂನಿವರ್ಸಲ್ ಪಬ್ಲಿಷಿಂಗ್‌ನಲ್ಲಿ ಅಂತಿಟ್ಟುಕೊಳ್ಳಿ. ಆ ಹತ್ತು ಪಾಲಿಗೆ ಲೈಸೆನ್ಸ್ ಇಲ್ಲ ಅಂದಮೇಲೆ ಉಳಿದ ತೊಂಬತ್ತು ಇದ್ದೂ ಪ್ರಯೋಜನವಿಲ್ಲ. ಎರಡನ್ನೂ ಸೇರಿಸಿದರೆ ದೇಶದಿಂದ ದೇಶಕ್ಕೆ ಜನಪ್ರಿಯ ಹಾಡುಗಳ ಶೇ. 20ರಿಂದ 30ರಷ್ಟು ಇಳಿಸಬೇಕಾಗುತ್ತೆ ಅಂತ ಟಿಕ್‌ಟಾಕೇ ಆಗ ಹೇಳಿತ್ತು.

ಹಳೆಯ ವಿಡಿಯೋ ವಿಚಾರ: ಲೈಸೆನ್ಸ್ ಅಂದರೆ ಮಾರಾಟ ಅಲ್ಲ, ಅವಧಿಯ ಬಾಡಿಗೆ. ನೀವು ಕಳೆದ ವರ್ಷ ಅಪ್‌ಲೋಡ್ ಮಾಡಿರಬಹುದು, ಆದರೆ ಇವತ್ತು ಯಾರೋ ನೋಡಿದಾಗ ಇವತ್ತೇ ಹಾಡು ಸಾರ್ವಜನಿಕರಿಗೆ ತಲುಪಿದ ಹಾಗೆ. ಆ ಕ್ಷಣದಲ್ಲಿ ಲೈಸೆನ್ಸ್ ಇರಬೇಕು. ತಾಂತ್ರಿಕವಾಗಿ ಇದು ಬಹಳ ಸುಲಭ. ಲೈಬ್ರರಿಯಿಂದ ಆರಿಸಿದ ಹಾಡು ನಿಮ್ಮ ವಿಡಿಯೋಗೆ ಒಂದು ಸೌಂಡ್ ಐಡಿ ಮೂಲಕ ಅಂಟಿಕೊಂಡಿರುತ್ತೆ. ಆ ಐಡಿ ಬಂದ್ ಮಾಡಿದರೆ ಅದಕ್ಕೆ ಅಂಟಿದ ಲಕ್ಷಾಂತರ ವಿಡಿಯೋ ಒಟ್ಟಿಗೇ ಮ್ಯೂಟ್. ಸ್ಪೀಕರ್‌ನಲ್ಲಿ ಹಾಡು ಹಾಕಿ ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದರೆ ಐಡಿ ಇರಲ್ಲ, ಫಿಂಗರ್‌ಪ್ರಿಂಟ್, ಅಂದರೆ ಧ್ವನಿಯ ಗುರುತು ಹೋಲಿಸಿ ಹಿಡೀಬೇಕು. ವೇಗ ಹೆಚ್ಚಿಸಿದ, ಪಿಚ್ ಏರಿಳಿಸಿದ ಆವೃತ್ತಿಗಳು ಆ ಮೂರು ತಿಂಗಳು ಅಲ್ಲಲ್ಲಿ ಉಳಿದುಕೊಂಡದ್ದು ಹಾಗೆ.

ಬಸವನಗುಡಿ ಬೀಟ್ಸ್:

ಚೆನ್ನಾಗಿ ಹೇಳಿದಿರಿ. ದುಡ್ಡಿನ ಕಥೆ ನಾನು ಸೇರಿಸ್ತೀನಿ.

ಜನವರಿ 30ಕ್ಕೆ ಯೂನಿವರ್ಸಲ್ ಬಹಿರಂಗ ಪತ್ರ ಬರೀತು. ಕಲಾವಿದರಿಗೆ ಸಿಗೋ ದುಡ್ಡು, ಎಐ ಹಾಡುಗಳ ಹಾವಳಿ, ಬಳಕೆದಾರರ ಸುರಕ್ಷತೆ, ಈ ಮೂರು ತಕರಾರು. ಒಟ್ಟು ಆದಾಯದಲ್ಲಿ ಟಿಕ್‌ಟಾಕ್‌ನಿಂದ ಬರೋದು ಸುಮಾರು ಶೇ. 1 ಮಾತ್ರ ಅಂತಲೂ ಅದರಲ್ಲೇ ಇತ್ತು. ಬಹಳ ಜನ ಆ ಅಂಕಿಯನ್ನ ಅಳಲು ಅಂತ ಓದಿದರು. ನನಗೆ ಅದು ಬೆದರಿಕೆಯ ಹಾಗೆ ಕಂಡಿತು. ಶೇ. 1 ಕಳಕೊಂಡರೆ ನಮಗೇನೂ ಆಗಲ್ಲ, ನೀವು ಹಾಡಿಲ್ಲದೆ ಎಷ್ಟು ದಿನ ಇರ್ತೀರಿ ನೋಡೋಣ ಅಂತ. ಟಿಕ್‌ಟಾಕ್ ತಿರುಗಿ 'ದುರಾಸೆ' ಅಂತ ಬೈತು.

ಒಪ್ಪಂದಗಳಲ್ಲಿ ಮುಖ್ಯವಾಗಿ ಎರಡು ಬಗೆ. ಇಡೀ ಕ್ಯಾಟಲಾಗ್‌ಗೆ ಇಷ್ಟು ವರ್ಷಕ್ಕೆ ಇಷ್ಟು ಅಂತ ಇಡಿಗಂಟು ಕೊಡೋದು ಒಂದು. ಜಾಹೀರಾತು ಆದಾಯದಲ್ಲಿ ಪಾಲು ಕೊಡೋದು ಇನ್ನೊಂದು. ಇಡಿಗಂಟಿನಲ್ಲಿ ಪ್ಲಾಟ್‌ಫಾರ್ಮ್ ಎಷ್ಟೇ ಬೆಳೆದರೂ ಮೊತ್ತ ಅಷ್ಟೇ, ಹಾಗಾಗಿ ಅವಧಿ ಮುಗಿದಾಗಲೆಲ್ಲ ಜಗಳ ಗ್ಯಾರಂಟಿ. ಸಣ್ಣ ಕಲಾವಿದರಿಗೆ ಇನ್ನೊಂದು ಪೆಟ್ಟಿದೆ. ಟಿಕ್‌ಟಾಕ್ ಲೆಕ್ಕ ವ್ಯೂಸ್ ಮೇಲಲ್ಲ, ಆ ಹಾಡಿನಿಂದ ಎಷ್ಟು ವಿಡಿಯೋ ತಯಾರಾಯ್ತು ಅನ್ನೋದರ ಮೇಲೆ ಅಂತ ಡಿಜಿಟಲ್ ವಿತರಕರು ಬಹಳ ಕಾಲ ಹೇಳಿಕೊಂಡು ಬಂದರು. ಒಂದೇ ವಿಡಿಯೋ ಒಂದು ಕೋಟಿ ಓಡಿದರೂ ಒಂದೇ ಲೆಕ್ಕ.

ಯೂಟ್ಯೂಬ್ ಶಾರ್ಟ್ಸ್ 2023ರ ಫೆಬ್ರವರಿಯಿಂದ ಆದಾಯ ಹಂಚಿಕೆಗೆ ಬಂತು. ಅಲ್ಲಿ ಒಂದು ಹಾಡು ಬಳಸಿದರೆ ಅರ್ಧ ದುಡ್ಡು ಸಂಗೀತಕ್ಕೆ, ಎರಡು ಹಾಡು ಬಳಸಿದರೆ ಮೂರರಲ್ಲಿ ಎರಡು ಪಾಲು ಸಂಗೀತಕ್ಕೆ. ಹಾಡು ಹಾಕಿದಷ್ಟೂ ನಿಮ್ಮ ಜೇಬು ಹಗುರ.

ಲೆಕ್ಕದ ಮೇಷ್ಟ್ರು:

@ಬಸವನಗುಡಿ ಬೀಟ್ಸ್, ಕೊನೆಯ ಸಾಲು ಸರಿಯಿಲ್ಲ ಸಾರ್. ನೀವು ಹೇಳಿದ ಅರ್ಧ, ಮೂರರಲ್ಲಿ ಎರಡು ಎಲ್ಲ ಒಟ್ಟು ಹುಂಡಿಯನ್ನ ಕ್ರಿಯೇಟರ್ ಕಡೆ ಮತ್ತು ಸಂಗೀತದ ಕಡೆ ಎರಡು ಭಾಗ ಮಾಡೋ ಹಂತದ್ದು. ಆಮೇಲೆ ಕ್ರಿಯೇಟರ್ ಹುಂಡಿಯನ್ನ ಪ್ರತಿ ದೇಶದಲ್ಲೂ ಅವರವರ ವ್ಯೂಸ್ ಪಾಲಿನ ಪ್ರಕಾರ ಹಂಚಿ, ಅದರಲ್ಲಿ ಶೇ. 45 ಕೈಗೆ ಕೊಡ್ತಾರೆ. ಆ ಹಂಚಿಕೆಯಲ್ಲಿ ನೀವು ಹಾಡು ಬಳಸಿದಿರೋ ಇಲ್ಲವೋ ಅಂತ ಯಾರೂ ಕೇಳಲ್ಲ. ಹಾಡಿನ ಖರ್ಚು ಎಲ್ಲರ ತಲೆ ಮೇಲೂ ಬೀಳುತ್ತೆ. ಹಾಡೇ ಬಳಸದೆ ಬರೀ ಮಾತಾಡೋ ಚಾನೆಲ್‌ನವರೂ ಡ್ಯಾನ್ಸ್ ಚಾನೆಲ್‌ಗಳ ಹಾಡಿನ ಬಿಲ್ ಕಟ್ತಿದ್ದಾರೆ ಅಂತ ಬೇಕಾದರೆ ಅನ್ನಿ.

ಇದು ಶಾರ್ಟ್ಸ್‌ಗೆ ಮಾತ್ರ. ಉದ್ದ ವಿಡಿಯೋಗೆ ಕಂಟೆಂಟ್ ಐಡಿ (ಹಾಡು ಹೋಲಿಸಿ ಹಿಡಿಯೋ ಯೂಟ್ಯೂಬ್ ಯಂತ್ರ) ಮೂಲಕ ಕ್ಲೇಮ್, ಅಂದರೆ 'ಈ ಹಾಡು ನಮ್ಮದು' ಅನ್ನೋ ಹಕ್ಕೊತ್ತಾಯ ಬಿದ್ದರೆ ಆ ವಿಡಿಯೋದ ದುಡ್ಡು ಸಾಮಾನ್ಯವಾಗಿ ಕ್ಲೇಮ್ ಹಾಕಿದವರಿಗೇ ಹೋಗುತ್ತೆ.

2024ರ ಅಕ್ಟೋಬರ್ 15ರಿಂದ ಶಾರ್ಟ್ಸ್ ಮೂರು ನಿಮಿಷದವರೆಗೆ ಹೋಗಬಹುದು, ಆದರೆ ಒಂದು ನಿಮಿಷ ದಾಟಿದ ಶಾರ್ಟ್ಸ್ ಮೇಲೆ ಯಾವುದೇ ಬಗೆಯ ಕ್ಲೇಮ್ ಇದ್ದರೆ ಜಗತ್ತಿನಾದ್ಯಂತ ಬ್ಲಾಕ್. 61 ಸೆಕೆಂಡ್ ಮಾಡಿ ಕೈ ಸುಟ್ಟುಕೊಳ್ಳೋದಕ್ಕಿಂತ 58ಕ್ಕೆ ನಿಲ್ಲಿಸಿ.

ರೈನ್ ದಂಡೆ ಕನ್ನಡಿಗ:

ಜರ್ಮನಿಯಲ್ಲಿ ಇದೇ ಜಗಳ ಏಳು ವರ್ಷ ನಡೆದಿತ್ತು, ಅದರ ಮುಂದೆ ಟಿಕ್‌ಟಾಕ್‌ನ ಮೂರು ತಿಂಗಳು ಏನೂ ಅಲ್ಲ. ಇಲ್ಲಿ ಗೀತರಚನೆಕಾರರು ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಸಂಘ ಗೆಮಾ. 2009ರಲ್ಲಿ ಯೂಟ್ಯೂಬ್ ಜೊತೆಗಿನ ಒಪ್ಪಂದ ಮುಗೀತು. ಪ್ರತಿ ವೀಕ್ಷಣೆಗೆ ಇಷ್ಟು ಅಂತ ಗೆಮಾ, ಜಾಹೀರಾತಿನಲ್ಲಿ ಪಾಲು ಅಂತ ಯೂಟ್ಯೂಬ್. 2016ರ ನವೆಂಬರ್ 1ರ ತನಕ ಜರ್ಮನಿಯಲ್ಲಿ ಕೂತವರಿಗೆ ಎಷ್ಟೋ ಹಾಡುಗಳ ಜಾಗದಲ್ಲಿ ಸೊಟ್ಟ ಮುಖದ ಒಂದು ಫಲಕ ಕಾಣ್ತಿತ್ತು, ಗೆಮಾ ಹಕ್ಕು ಕೊಟ್ಟಿಲ್ಲ ಅನ್ನೋ ಅರ್ಥದ್ದು. ಆ ಒಕ್ಕಣೆ ಜನರ ದಾರಿ ತಪ್ಪಿಸುತ್ತೆ ಅಂತ ಮ್ಯೂನಿಕ್ ನ್ಯಾಯಾಲಯ 2014ರಲ್ಲಿ ಹೇಳಿತು. ಹಕ್ಕು ಕೊಡದಿರುವುದಕ್ಕೂ ದರದ ಚೌಕಾಸಿ ಮುಗಿಯದಿರುವುದಕ್ಕೂ ವ್ಯತ್ಯಾಸ ಇದೆ ತಾನೇ.

ಇಟಲಿಯದ್ದು ಇನ್ನೂ ಸ್ವಾರಸ್ಯ. ಅಲ್ಲಿಯ ಎಸ್‌ಐಎಇ ಸಂಘ ಮತ್ತು ಮೆಟಾ ನಡುವಿನ ಲೈಸೆನ್ಸ್ 2022ರ ಕೊನೆಗೆ ಮುಗಿದು, ಮಾತುಕತೆ ಮುರಿದು, 2023ರ ಮಾರ್ಚ್‌ನಲ್ಲಿ ಇನ್‌ಸ್ಟಾ, ಫೇಸ್‌ಬುಕ್‌ನಿಂದ ಇಟಾಲಿಯನ್ ಹಾಡುಗಳು ಹೋದವು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಏಪ್ರಿಲ್‌ನಲ್ಲೇ ಮಧ್ಯೆ ಬಂದು, ಮಾತುಕತೆಗೆ ವಾಪಸ್ ಕೂರಿ, ಲೆಕ್ಕ ಹಾಕಲು ಬೇಕಾದ ಮಾಹಿತಿ ಕೊಡಿ ಅಂತ ಮೆಟಾಗೆ ತಾತ್ಕಾಲಿಕ ಆದೇಶ ಕೊಟ್ಟಿತು. ಆದಾಯ ಎಷ್ಟು ಅಂತ ತೋರಿಸದೆ ಇಡಿಗಂಟು ಹಿಡಿ ಅಂದರೆ ಯಾರು ತಾನೇ ಒಪ್ಪುತ್ತಾರೆ?

ಯುರೋಪಿನಲ್ಲಿ ಪ್ಲಾಟ್‌ಫಾರ್ಮ್‌ಗಳ ಕೈ ಕಟ್ಟಿರೋದು 2019ರ ಹಕ್ಕುಸ್ವಾಮ್ಯ ನಿರ್ದೇಶನದ 17ನೇ ವಿಧಿ. ಬಳಕೆದಾರ ಹಾಕಿದ್ದು, ನಮಗೆ ಗೊತ್ತಿಲ್ಲ ಅಂತ ಅಲ್ಲಿ ಜಾರಿಕೊಳ್ಳೋ ಹಾಗಿಲ್ಲ. ಲೈಸೆನ್ಸ್ ಪಡೆಯಲು ತಕ್ಕ ಪ್ರಯತ್ನ ಮಾಡಿದ್ದೇವೆ ಅಂತ ತೋರಿಸಲೇಬೇಕು.

ಹೊಸಬ_ಹಾಸನ:

ಅಣ್ಣ, ಹಾಗಾದ್ರೆ ಟೇಲರ್ ಸ್ವಿಫ್ಟ್ ಹಾಡು ರಾಜಿಗೆ ಮುಂಚೆನೇ ವಾಪಸ್ ಬಂತಲ್ಲ, ಅದು ದೊಡ್ಡವರಿಗೊಂದು ನ್ಯಾಯ ಅಂತಾನಾ?

ಮಾಸ್ಟರ್‌ಟೇಪ್:

ದೊಡ್ಡವರು ಅನ್ನೋದಕ್ಕಿಂತ ಮಾಸ್ಟರ್ ಯಾರ ಹೆಸರಲ್ಲಿದೆ ಅನ್ನೋದು ಮುಖ್ಯ ತಮ್ಮಾ. 2018ರ ನಂತರದ ಆಲ್ಬಂಗಳ ಮತ್ತು ತಾವೇ ಮತ್ತೆ ಹಾಡಿ ಮುದ್ರಿಸಿದ ಹಳೆಯ ಆಲ್ಬಂಗಳ ಮಾಸ್ಟರ್ ಆಕೆಯದ್ದೇ. ಯೂನಿವರ್ಸಲ್ ವಿತರಣೆ ಮಾಡುತ್ತೆ, ಒಡೆತನ ಇಲ್ಲ. ಏಪ್ರಿಲ್ 11ಕ್ಕೆ ಹಾಡುಗಳು ವಾಪಸ್, 19ಕ್ಕೆ ಹೊಸ ಆಲ್ಬಂ ಬಿಡುಗಡೆ. ಎಂಟು ದಿನದ ಅಂತರ ಕಾಕತಾಳೀಯ ಅಂತ ನಂಬೋಷ್ಟು ಮುಗ್ಧರು ಇಲ್ಲಿ ಯಾರೂ ಇಲ್ಲ ಅಂದ್ಕೊಂಡಿದೀನಿ. ಯೂನಿವರ್ಸಲ್‌ನಲ್ಲೇ ಇದ್ದು ಮಾಸ್ಟರ್ ಬರೆದುಕೊಟ್ಟಿದ್ದ ಸಣ್ಣ ಕಲಾವಿದರು ಮೇವರೆಗೆ ಕಾಯಬೇಕಾಯ್ತು.

ಇದು ಹೊಸದೂ ಅಲ್ಲ. ವಾರ್ನರ್ ಅನ್ನೋ ಇನ್ನೊಂದು ಆಡಿಯೋ ಕಂಪನಿ 2008ರ ಡಿಸೆಂಬರ್‌ನಲ್ಲಿ ಯೂಟ್ಯೂಬ್‌ನಿಂದ ಹೊರಬಂದು 2009ರ ಸೆಪ್ಟೆಂಬರ್‌ನಲ್ಲಿ ವಾಪಸ್ ಹೋಯ್ತು. ಆಗ ಮಕ್ಕಳು ಮನೆಯಲ್ಲಿ ಹಾಡಿದ ವಿಡಿಯೋಗಳೂ ಏಟು ತಿಂದವು.

ಕಲಂ 52:

ಭಾರತಕ್ಕೆ ಬರೋಣ. ಟಿಕ್‌ಟಾಕ್ ಇಲ್ಲಿ 2020ರ ಜೂನ್ 29ಕ್ಕೇ ನಿಷೇಧ ಆಗಿದ್ದರಿಂದ 2024ರ ಜಗಳ ಇಲ್ಲಿಯ ಬಳಕೆದಾರರಿಗೆ ತಟ್ಟಲಿಲ್ಲ. ಆದರೆ ಇದೇ ಪ್ರಶ್ನೆಗಳು ಇಲ್ಲಿನ ಕೋರ್ಟುಗಳಲ್ಲಿ ಅದಕ್ಕೂ ಹಿಂದೆಯೇ ಬಂದಿವೆ.

ಒಂದು, ಆಡಿಯೋ ಕಂಪನಿ ಟಿ-ಸೀರೀಸ್ ಮತ್ತು ಸಾಮಾಜಿಕ ಜಾಲತಾಣ ಮೈಸ್ಪೇಸ್ ನಡುವಿನ ಕೇಸು. ದಿಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ 2016ರ ಡಿಸೆಂಬರ್ 23ರಂದು ಹೇಳಿದ್ದು ಇಷ್ಟು: ಉಲ್ಲಂಘನೆ ಎಲ್ಲೋ ನಡೀತಿರಬಹುದು ಅನ್ನೋ ಸಾಮಾನ್ಯ ತಿಳಿವಳಿಕೆ ಸಾಲದು, ನಿರ್ದಿಷ್ಟವಾಗಿ ಯಾವ ವಿಡಿಯೋ ಅನ್ನೋದು ಪ್ಲಾಟ್‌ಫಾರ್ಮ್‌ಗೆ ಗೊತ್ತಿರಬೇಕು. ಇಡೀ ಕ್ಯಾಟಲಾಗ್ ಕಳಿಸಿ 'ಇದೆಲ್ಲ ನಮ್ಮದು, ನೀವೇ ಹುಡುಕಿ ತೆಗೀರಿ' ಅಂದರೆ ಆಗಲ್ಲ. ಯುರೋಪಿನ 17ನೇ ವಿಧಿಗೂ ಇದಕ್ಕೂ ಇರೋ ಅಂತರ ಗಮನಿಸಿ. ಲೈಸೆನ್ಸ್ ಚೌಕಾಸಿಯಲ್ಲಿ ಭಾರತದ ಕಂಪನಿಗಳ ಕೈ ಸ್ವಲ್ಪ ಕೆಳಗಿರೋದಕ್ಕೆ ಇದೂ ಒಂದು ಕಾರಣ ಅನ್ನೋದು ನನ್ನ ಅಭಿಪ್ರಾಯ.

ಎರಡು, ಆಡಿಯೋ ಕಂಪನಿ ಟಿಪ್ಸ್ ಮತ್ತು ಹಾಡು ಕೇಳೋ ಆ್ಯಪ್ ವಿಂಕ್ ನಡುವಿನದ್ದು. ರೇಡಿಯೋದವರಿಗೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಇರೋ 31ಡಿ ಸೌಲಭ್ಯ, ಅಂದರೆ ಕಂಪನಿ ಒಪ್ಪದಿದ್ದರೂ ಸರ್ಕಾರಿ ದರ ಕಟ್ಟಿ ಹಾಡು ಹಾಕೋ ಹಕ್ಕು, ನಮಗೂ ಬೇಕು ಅಂತ ವಿಂಕ್ ವಾದ. ಇಂಟರ್‌ನೆಟ್‌ಗೆ ಅದು ಅನ್ವಯಿಸಲ್ಲ ಅಂತ ಬಾಂಬೆ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು, ವಿಭಾಗೀಯ ಪೀಠ 2022ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಹಾಗಾಗಿ ಆ್ಯಪ್‌ಗಳು ಕಂಪನಿ ಬಾಗಿಲಿಗೇ ಹೋಗಬೇಕು. ಬೇರೆ ದಾರಿ ಇಲ್ಲ.

ಹಾಡು ಇಳಿಸೋ ಪ್ರಕ್ರಿಯೆ ಕಾಯ್ದೆಯ 52(1)(ಸಿ) ಮತ್ತು 2013ರ ನಿಯಮಾವಳಿಯ 75ನೇ ನಿಯಮದಲ್ಲಿದೆ. ಹಕ್ಕುದಾರರು ಲಿಖಿತ ದೂರು ಕೊಡಬೇಕು: ಕೃತಿ ಯಾವುದು, ಹಕ್ಕು ತಮ್ಮದು ಅನ್ನೋದಕ್ಕೆ ಆಧಾರ, ಅದು ಎಲ್ಲಿದೆ ಅನ್ನೋ ವಿವರ. ದೂರು ಮುಟ್ಟಿದ 36 ಗಂಟೆಯೊಳಗೆ ಪ್ಲಾಟ್‌ಫಾರ್ಮ್ ಅದನ್ನ ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ವಾಪಸ್ ಹಾಕಬಹುದು. 'ಹಾಕಬಹುದು' ಅಷ್ಟೇ, ಹಾಕಲೇಬೇಕು ಅಂತಿಲ್ಲ. ಸಾಮಾನ್ಯರು ಎಡವೋದು ಇಲ್ಲೇ.

ಗಾಂಧಿನಗರ ಗಲ್ಲಿ:

ಬೆಂಗಳೂರಿನದ್ದೇ ಕೇಸು ಬಿಟ್ಟಿರಲ್ಲ ವಕೀಲ್ರೇ. ಕೆಜಿಎಫ್ ಚಾಪ್ಟರ್ 2ರ ಹಿಂದಿ ಹಾಡುಗಳ ಹಕ್ಕು ಇದ್ದದ್ದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಬಳಿ. ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಆ ಹಾಡು ಬಳಸಿದ್ದಾರೆ ಅಂತ ಅವರು ದೂರು ಕೊಟ್ಟರು. 2022ರ ನವೆಂಬರ್ 7ಕ್ಕೆ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಿರಿ ಅಂತ ಟ್ವಿಟರ್‌ಗೆ ಹೇಳಿತು. ಮರುದಿನವೇ ಹೈಕೋರ್ಟ್, ಆ ವಿಡಿಯೋಗಳನ್ನ ತೆಗೀಬೇಕು ಅನ್ನೋ ಷರತ್ತಿನ ಮೇಲೆ ಆ ಆದೇಶ ರದ್ದು ಮಾಡಿತು. ಕ್ರಿಮಿನಲ್ ಕೇಸ್ ರದ್ದು ಮಾಡಿ ಅನ್ನೋ ಅರ್ಜಿಯನ್ನ 2023ರ ಜೂನ್‌ನಲ್ಲಿ ಹೈಕೋರ್ಟ್ ಒಪ್ಪಲಿಲ್ಲ.

ನಾಲ್ಕಾರು ಪೋಸ್ಟ್‌ಗೆ ಇಡೀ ಖಾತೆ ಮುಚ್ಚಿಸೋದು ಅತಿಯಾಯ್ತು, ಆದರೆ ಪಕ್ಷದ ಪ್ರಚಾರ ಅಂದಮಾತ್ರಕ್ಕೆ ಹಾಡು ಪುಕ್ಕಟೆ ಅಲ್ಲ. ಚುನಾವಣೆ ಸಮಯದಲ್ಲಿ ಹಾಡಿನ ಸಾಹಿತ್ಯ ಬದಲಿಸಿ ಪ್ರಚಾರಗೀತೆ ಮಾಡೋ ಹುಡುಗರು ಇದನ್ನ ಓದಲಿ. ಕಲಂ 63ರಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಇದೆ.

ಕಲಂ 52:

ಹೌದು, ಒಳ್ಳೆಯ ಉದಾಹರಣೆ. ಅಲ್ಲಿ ಕಂಪನಿ ಪ್ರತಿವಾದಿ ಮಾಡಿದ್ದರಲ್ಲಿ ಟ್ವಿಟರ್ ಕೂಡ ಇತ್ತು ಅನ್ನೋದು ಗಮನಿಸಬೇಕು. ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ ಸಂಗೀತ ಲೈಸೆನ್ಸ್ ಪಡೆಯದೇ ಉಳಿದದ್ದು ಅದೊಂದೇ ಅನ್ನೋ ಆರೋಪದ ಮೇಲೆಯೇ ಅಮೆರಿಕದಲ್ಲಿ 17 ಪಬ್ಲಿಷರ್‌ಗಳು 2023ರ ಜೂನ್‌ನಲ್ಲಿ ಕೇಸ್ ಹಾಕಿದರು. ಸುಮಾರು 1,700 ಕೃತಿಗಳು, 25 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರದ ಬೇಡಿಕೆ. 2024ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಅದರ ಬಹುಭಾಗ ವಜಾ ಮಾಡಿ, ದೂರು ಬಂದ ಮೇಲೂ ಸುಮ್ಮನಿದ್ದರು ಅನ್ನೋ ಥರದ ಕೆಲವು ಆರೋಪಗಳನ್ನ ಮಾತ್ರ ಉಳಿಸಿಕೊಂಡರು.

ಧಾರವಾಡ ಫೇಡೆ:

ಅಲ್ರಿ, ಮೂಲ ಪ್ರಶ್ನೆದಾಗ ಸೀರಿ ಅಂಗಡಿ ಇತ್ತಲ್ಲ, ಅದಕ್ಕ ಯಾರೂ ಉತ್ತರ ಕೊಡಲೇ ಇಲ್ಲ. ನಾ ಹೇಳ್ತೀನಿ ಕೇಳ್ರಿ.

ಇನ್‌ಸ್ಟಾ ಒಳಗ ಹಾಡು ಐತಿ ಅಂದ್ರ ಅದು ಖಾಸಗಿ, ವ್ಯಾಪಾರ ಅಲ್ಲದ ಬಳಕೆಗೆ ಅಷ್ಟ. ಮೆಟಾದವ್ರ ಸಂಗೀತ ಷರತ್ತಿನಾಗ ಇದನ್ನ ಸ್ಪಷ್ಟ ಬರದಾರ. ಅದಕ್ಕ ಬಿಸಿನೆಸ್ ಅಕೌಂಟ್ ಮಾಡಿದ ಕೂಡ್ಲೆ ಸಿನಿಮಾ ಹಾಡು ಕಾಣಂಗಿಲ್ಲ, ಸೌಂಡ್ ಕಲೆಕ್ಷನ್ ಅಂತ ರಾಯಲ್ಟಿ ಇಲ್ಲದ ಸಂಗೀತ ಅಷ್ಟ ಕಾಣತೈತಿ. ಆಗ ಮಂದಿ ಏನ್ ಮಾಡ್ತಾರ? ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟನ್ನ ಕ್ರಿಯೇಟರ್ ಅಂತ ಬದಲಿ ಮಾಡ್ತಾರ, ಹಾಡು ವಾಪಸ್ ಬರ್ತಾವ. ಆದ್ರ ಬದಲಾಗಿದ್ದು ಬಟನ್ ಅಷ್ಟ. ಇಳಕಲ್ ಸೀರಿ ರೇಟ್ ಹೇಳಿ, ವಾಟ್ಸಾಪ್ ನಂಬರ್ ಹಾಕಿ, ಹಿಂದ ಸಿನಿಮಾ ಹಾಡು ಬಿಟ್ರ ಅದು ಜಾಹೀರಾತs. ಅಕೌಂಟ್ ಹೆಸರು ಏನಾರ ಇರ್ಲಿ.

ಸಿಕ್ಕಿಬೀಳೋದು ಯಾವಾಗ ಅಂದ್ರ ಬೂಸ್ಟ್ ಮಾಡಾಕ, ಅಂದ್ರ ರೊಕ್ಕ ಕೊಟ್ಟು ಹೆಚ್ಚು ಮಂದಿಗೆ ತೋರ್ಸಾಕ ಹೋದಾಗ. ಹಕ್ಕುಸ್ವಾಮ್ಯದ ಹಾಡು ಐತಿ, ಬೂಸ್ಟ್ ಆಗಂಗಿಲ್ಲ ಅಂತ ಅಲ್ಲೇ ತಡೀತಾರ. ಅದನ್ನ ತಪ್ಪಸಾಕ ಹಾಡನ್ನ ಹೊರಗ ಎಡಿಟ್ ಮಾಡಿ, 'ಒರಿಜಿನಲ್ ಆಡಿಯೋ' ಅಂತ ಏರಿಸಬ್ಯಾಡ್ರಿ. ಲೈಬ್ರರಿ ಹಾಡಿಗೆ ಪ್ಲಾಟ್‌ಫಾರ್ಮ್ ಲೈಸೆನ್ಸಿನ ಒಂದೀಟು ನೆರಳರ ಇರತೈತಿ, ಹಿಂಗ ಏರಿಸಿದ್ದಕ್ಕ ಅದೂ ಇಲ್ಲ.

ಬಸವನಗುಡಿ ಬೀಟ್ಸ್:

ಫೇಡೆಯವರು ಹೇಳಿದ್ದು ನೂರಕ್ಕೆ ನೂರು. ಅಮೆರಿಕದಲ್ಲಿ ಕಂಪನಿಗಳು ಈಗ ಪ್ಲಾಟ್‌ಫಾರ್ಮ್ ಬಿಟ್ಟು ನೇರ ಬ್ರ್ಯಾಂಡ್‌ಗಳ ಬೆನ್ನು ಹತ್ತಿವೆ. ಬ್ಯಾಂಗ್ ಎನರ್ಜಿ ಪಾನೀಯದ ಕಂಪನಿ ಟಿಕ್‌ಟಾಕ್‌ನಲ್ಲಿ ಹಾಕಿದ ಪ್ರಚಾರ ವಿಡಿಯೋಗಳ ವಿಚಾರದಲ್ಲಿ 2022ರಲ್ಲಿ ಯೂನಿವರ್ಸಲ್ ಎದುರೂ ಸೋನಿ ಎದುರೂ ಸೋತಿತು. ಪ್ಲಾಟ್‌ಫಾರ್ಮ್‌ನಲ್ಲೇ ಇದ್ದ ಹಾಡು ಅನ್ನೋ ವಾದ ನಿಲ್ಲಲಿಲ್ಲ. 2024ರ ಮೇನಲ್ಲಿ ಸೋನಿ ಮ್ಯಾರಿಯಟ್ ಹೋಟೆಲ್ ಮೇಲೆ ಹಾಕಿದ ದೂರಿನಲ್ಲಿ 931 ಉಲ್ಲಂಘನೆ ಪಟ್ಟಿ ಮಾಡಿತ್ತು. ಅದರಲ್ಲಿ ಹೋಟೆಲ್ ತಾನೇ ಹಾಕಿದ್ದಷ್ಟೇ ಅಲ್ಲ, ಇನ್‌ಫ್ಲುಯೆನ್ಸರ್‌ಗಳು ಹಾಕಿದ್ದೂ ಸೇರಿತ್ತು. ಪೇಯ್ಡ್ ಕೊಲಾಬ್ ಮಾಡೋ ನಮ್ಮ ಹುಡುಗ ಹುಡುಗಿಯರಿಗೆ ಇದು ಗೊತ್ತಿರಲಿ: ಅಂಗಡಿಯವರು ದುಡ್ಡು ಕೊಟ್ಟ ಕ್ಷಣ ನಿಮ್ಮ ರೀಲ್ಸ್ ಖಾಸಗಿ ಬಳಕೆಯಾಗಿ ಉಳಿಯಲ್ಲ.

ಭಾವಗೀತೆ ಬಾನು:

ಸಿನಿಮಾ ಬಿಡಿ, ದೇವರನಾಮ ಹಾಡಿ ಹಾಕಿದರೂ ಕ್ಲೇಮ್ ಬರುತ್ತಲ್ಲ, ಇದೆಂಥ ನ್ಯಾಯ? ಪುರಂದರದಾಸರ ಪದಕ್ಕೆ ಯಾವ ಕಂಪನಿ ಒಡೆಯ?

ಲೆಕ್ಕದ ಮೇಷ್ಟ್ರು:

ಬಾನು ಮೇಡಂ, ಪದಕ್ಕೆ ಒಡೆಯರಿಲ್ಲ. ಆದರೆ ಮೂರು ಪದರ ಬೇರೆ ಬೇರೆಯಾಗಿ ನೋಡಬೇಕು.

ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ವರ್ಷದ ನಂತರ 60 ವರ್ಷ. ದಾಸರು, ಶರಣರು ಎಲ್ಲ ಮುಕ್ತ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಅಂದರೆ 2041ರ ಕೊನೆಯವರೆಗೆ ಹಕ್ಕು ಇದೆ. ಕುವೆಂಪು 1994, ಅಂದರೆ 2054ರ ಕೊನೆ. ಭಾವಗೀತೆ ಹಾಡೋರು ಇದನ್ನ ಮರೀತಾರೆ. ರಾಗಸಂಯೋಜನೆಗೂ ಅದೇ ಲೆಕ್ಕ, ಆದರೆ ಸಂಯೋಜಕರ ಆಯುಸ್ಸಿನ ಮೇಲೆ. ದಾಸರ ಪದಕ್ಕೆ ಈಚಿನವರು ಯಾರೋ ಹೊಸ ಮಟ್ಟು ಹಾಕಿದ್ದರೆ ಆ ಮಟ್ಟು ಅವರದ್ದೇ. ಧ್ವನಿಮುದ್ರಣಕ್ಕೆ ಮಾತ್ರ ಬೇರೆ ಲೆಕ್ಕ, ಪ್ರಕಟವಾದ ವರ್ಷದ ನಂತರ 60 ವರ್ಷ. 1964ರಲ್ಲಿ ಅಥವಾ ಅದಕ್ಕೂ ಮುಂಚೆ ಬಂದ ಗ್ರಾಮಫೋನ್ ತಟ್ಟೆಯ ಮುದ್ರಣ ಈಗ ಮುಕ್ತ, ಒಳಗಿನ ಸಾಹಿತ್ಯ, ಮಟ್ಟು ಮುಕ್ತವಾಗಿರದೇ ಇರಬಹುದು.

ಈಗ ಕಂಟೆಂಟ್ ಐಡಿ. ಅದು 2007ರಿಂದ ಇರೋ ಯಂತ್ರ, ಕಾನೂನು ಓದಲ್ಲ. ಕಂಪನಿ ಕೊಟ್ಟ ಮಾದರಿಗೆ ನಿಮ್ಮ ಆಡಿಯೋ ಹೋಲಿಸುತ್ತೆ, ಬರೀ ಮುದ್ರಣ ಅಲ್ಲ, ಮಟ್ಟನ್ನೂ ಹೋಲಿಸುತ್ತೆ. ತಪ್ಪಾಗೋದು ಎಲ್ಲಿ? ಒಂದೇ ಸ್ಯಾಂಪಲ್ ಪ್ಯಾಕ್‌ನ (ಯಾರು ಬೇಕಾದರೂ ಬಳಸಲು ಸಿಗೋ ಸಿದ್ಧ ಧ್ವನಿ ತುಣುಕುಗಳ ಕಟ್ಟು) ತಬಲಾ ಲೂಪನ್ನ ನೂರು ಜನ ಬಳಸಿರ್ತಾರೆ, ಅದರಲ್ಲಿ ಒಬ್ಬರು ವಿತರಕರ (ಹಾಡನ್ನ ಆ್ಯಪ್‌ಗಳಿಗೆ ತಲುಪಿಸೋ ಕಂಪನಿ) ಮೂಲಕ ಕಂಟೆಂಟ್ ಐಡಿಗೆ ಸೇರಿಸಿಬಿಟ್ಟರೆ ಉಳಿದ 99 ಜನರಿಗೂ ಕ್ಲೇಮ್. ಎಲ್ಲರಿಗೂ ಸಿಗೋ ಲೂಪನ್ನ ಹೀಗೆ ನೋಂದಾಯಿಸೋದು ಯೂಟ್ಯೂಬ್ ನಿಯಮಕ್ಕೇ ವಿರುದ್ಧ, ಆದರೂ ನಡೀತಿದೆ. ತಂಬೂರಿ ಶ್ರುತಿ ಟ್ರ್ಯಾಕ್‌ಗಳದ್ದೂ ಇದೇ ಕಥೆ.

ಮಾಡಬೇಕಾದ್ದು: ವಿಡಿಯೋ ಏರಿಸುವಾಗ ಪ್ರೈವೇಟ್ ಇಟ್ಟು, ಚೆಕ್ಸ್ ಹಂತ ಪೂರ್ತಿ ಮುಗಿಯೋವರೆಗೆ ಕಾಯಿರಿ. ಕ್ಲೇಮ್ ಬಂದರೆ ಮೊದಲು ಅದು ಮುದ್ರಣದ ಮೇಲೋ ಸಂಯೋಜನೆಯ ಮೇಲೋ ನೋಡಿ, ಎಷ್ಟನೇ ನಿಮಿಷದಿಂದ ಎಷ್ಟರವರೆಗೆ ಅನ್ನೋದನ್ನೂ. ನಿಜಕ್ಕೂ ಬೇರೆಯವರ ಹಾಡು ಹಿನ್ನೆಲೆಯಲ್ಲಿ ಬಿದ್ದಿದ್ದರೆ ಜಗಳ ಬೇಡ, ಯೂಟ್ಯೂಬ್ ಸ್ಟುಡಿಯೋದಲ್ಲೇ ಆ ತುಂಡು ಕತ್ತರಿಸಬಹುದು, ಹಾಡು ಬದಲಿಸಬಹುದು ಅಥವಾ ಹಾಡನ್ನ ಮಾತ್ರ ಅಳಿಸಬಹುದು. ವ್ಯೂಸ್, ಕಾಮೆಂಟ್ ಹಾಗೇ ಉಳಿಯುತ್ತೆ.

ಕ್ಲೇಮ್ ತಪ್ಪು ಅಂತ ಖಚಿತವಿದ್ದರೆ ಡಿಸ್ಪ್ಯೂಟ್, ಅಂದರೆ ತಕರಾರು ಹಾಕಿ, ಆದಷ್ಟೂ ಐದು ದಿನದೊಳಗೆ. ಹಾಗೆ ಮಾಡಿದರೆ ಮೊದಲ ದಿನದಿಂದಲೇ ಆ ದುಡ್ಡನ್ನ ಯೂಟ್ಯೂಬ್ ಪಕ್ಕಕ್ಕಿಡುತ್ತೆ, ಗೆದ್ದವರಿಗೆ ಕೊಡುತ್ತೆ. ತಡ ಮಾಡಿದರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಎದುರಿನವರಿಗೆ ಉತ್ತರಿಸಲು 30 ದಿನ. ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತೆ. ತಿರಸ್ಕರಿಸಿದರೆ ಅಪೀಲ್, ಅದಕ್ಕೆ ಅವರಿಗೆ 7 ದಿನ. ಇಲ್ಲಿ ಮಾತ್ರ ಎಚ್ಚರ: ಅಪೀಲನ್ನೂ ಒಪ್ಪದೆ ಅವರು ವಿಡಿಯೋ ತೆಗೆಸೋ ಕೋರಿಕೆ ಕೊಟ್ಟರೆ ಅದು ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಹಕ್ಕುಸ್ವಾಮ್ಯ ಉಲ್ಲಂಘನೆಯ ಕಪ್ಪುಚುಕ್ಕೆ. 90 ದಿನದಲ್ಲಿ ಮೂರು ಸ್ಟ್ರೈಕ್ ಅಂದರೆ ಚಾನೆಲ್ಲೇ ಇಲ್ಲ. ಆಮೇಲೂ ಕೌಂಟರ್ ನೋಟಿಫಿಕೇಶನ್ (ವಿಡಿಯೋ ತೆಗೆದದ್ದು ತಪ್ಪು ಅನ್ನೋ ಎದುರು ನೋಟಿಸ್) ಕೊಡಬಹುದು, ಎದುರಿನವರು ಅಮೆರಿಕದ ಲೆಕ್ಕದ 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋಗಿದ್ದಕ್ಕೆ ಪುರಾವೆ ತೋರಿಸದಿದ್ದರೆ ವಿಡಿಯೋ ವಾಪಸ್. ಆದರೆ ನಿಮ್ಮ ಹೆಸರು, ವಿಳಾಸ ಅವರ ಕೈಗೆ ಹೋಗುತ್ತೆ, ಕೇಸ್ ನಡೆಸೋ ಸಿದ್ಧತೆ ಇದ್ದರೆ ಮಾತ್ರ ಆ ದಾರಿ.

ಡಿಸ್ಪ್ಯೂಟ್ ಪೆಟ್ಟಿಗೆಯಲ್ಲಿ 'ಇದು ನನ್ನ ಸ್ವಂತ ವಿಡಿಯೋ, ದಯವಿಟ್ಟು ತೆಗೆಯಿರಿ' ಅಂತ ಗೋಗರೆದರೆ ಕೆಲಸ ಆಗಲ್ಲ. ಹೀಗೆ ಬರೀಬೇಕು: 'ಸಾಹಿತ್ಯ 16ನೇ ಶತಮಾನದ ಪುರಂದರದಾಸರದ್ದು, ಹಕ್ಕುಸ್ವಾಮ್ಯ ಇಲ್ಲ. ಮಟ್ಟು ಸಾಂಪ್ರದಾಯಿಕ. ಗಾಯನ ಇಂಥವರದ್ದು, ಇಂಥ ದಿನ ನೇರವಾಗಿ ಮುದ್ರಿಸಿದ್ದು. ನಿಮ್ಮ ಧ್ವನಿಮುದ್ರಣದ ಯಾವ ಭಾಗವೂ ಇದರಲ್ಲಿಲ್ಲ.' ಅಷ್ಟೇ ಸಾಕು.

ಹೊಸಬ_ಹಾಸನ:

30 ಸೆಕೆಂಡ್‌ಗಿಂತ ಕಮ್ಮಿ ಇದ್ರೆ ಪರವಾಗಿಲ್ಲ ಅಂತಾರಲ್ವಾ? ಕೆಳಗೆ ಕ್ರೆಡಿಟ್ಸ್ ಹಾಕಿದ್ರೆ?

ಕಲಂ 52:

ಎರಡೂ ಕಟ್ಟುಕಥೆ. ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ. 52(1)(ಎ)ಯಲ್ಲಿ ವಿಮರ್ಶೆ, ಸುದ್ದಿ ವರದಿ, ಖಾಸಗಿ ಬಳಕೆ ಅಂತಿದೆ. ರೀಲ್ಸ್ ಹಿನ್ನೆಲೆಗೆ ಹಾಡು ಹಾಕೋದು ಅದರಲ್ಲಿ ಬರಲ್ಲ. ಕ್ರೆಡಿಟ್ ಹಾಕೋದು ಸೌಜನ್ಯ, ಅನುಮತಿ ಅಲ್ಲ.

ಮೂರನೇ ಕಟ್ಟುಕಥೆಯನ್ನೂ ಸೇರಿಸಿಬಿಡ್ತೀನಿ. 'ಕವರ್ ಹಾಡಿಗೆ 31ಸಿ ಪ್ರಕಾರ ಲೈಸೆನ್ಸ್ ಸಿಗುತ್ತೆ' ಅಂತಾರೆ. ಮೂಲ ಹಾಡು ಬಂದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗೆ ರಾಯಲ್ಟಿ ಮುಂಗಡ ಕಟ್ಟಬೇಕು, ಮಾಧ್ಯಮವೂ ಮೂಲದ್ದೇ ಇರಬೇಕು. ಕ್ಯಾಸೆಟ್, ಸಿಡಿ ಕಾಲದ ಲೆಕ್ಕ. ಯೂಟ್ಯೂಬ್‌ನಲ್ಲಿ ಗಿಟಾರ್ ಹಿಡಿದು ಹಾಡೋರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಗಾಂಧಿನಗರ ಗಲ್ಲಿ:

ಎಲ್ಲರೂ ಕಂಪನಿ, ಪ್ಲಾಟ್‌ಫಾರ್ಮ್ ಅಂತಿದೀರಿ, ಹಾಡು ಬರೆದವರ ಗತಿ? ನಮ್ಮಲ್ಲಿ ಸಿನಿಮಾ ಹಾಡಿನ ಮಾಸ್ಟರ್, ಸಾಹಿತ್ಯ, ಸಂಗೀತ ಮೂರನ್ನೂ ನಿರ್ಮಾಪಕರಿಂದ ಆಡಿಯೋ ಕಂಪನಿ ಒಂದೇ ಪತ್ರದಲ್ಲಿ ಬರೆಸಿಕೊಳ್ಳುತ್ತೆ. 1977ರ ಸುಪ್ರೀಂ ಕೋರ್ಟ್ ತೀರ್ಪು ನಿರ್ಮಾಪಕರ ಪರ ಇದ್ದುದರಿಂದ ಸಾಹಿತಿ, ಸಂಗೀತ ನಿರ್ದೇಶಕರಿಗೆ ದಶಕಗಟ್ಟಲೆ ಕೈಗೆ ಬಂದದ್ದು ಒಂದು ಸಲದ ಸಂಭಾವನೆ ಅಷ್ಟೇ. 2012ರ ತಿದ್ದುಪಡಿ ಬಂದ ಮೇಲೆ ಹಕ್ಕು ಬರೆದುಕೊಟ್ಟರೂ ಚಿತ್ರಮಂದಿರದ ಹೊರಗಿನ ಬಳಕೆಗೆ ಸಮಪಾಲು ರಾಯಲ್ಟಿ ಬಿಟ್ಟುಕೊಡೋ ಹಾಗಿಲ್ಲ. ರೀಲ್ಸ್, ಶಾರ್ಟ್ಸ್ ಕೂಡ ಅದರಲ್ಲಿ ಸೇರುತ್ತೆ. ಆ ದುಡ್ಡು ಬರೋದು ಐಪಿಆರ್‌ಎಸ್ ಮೂಲಕ, ಗೀತರಚನೆಕಾರರು ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಭಾರತದ ಸಂಘ ಅದು. ಸದಸ್ಯರಾಗಿ, ಪ್ರತಿ ಹಾಡಿನ ಹೆಸರು, ಪಾಲು ನೋಂದಾಯಿಸಿದ್ದರೆ ಮಾತ್ರ. ಫೇಸ್‌ಬುಕ್ ಜೊತೆ ಐಪಿಆರ್‌ಎಸ್ ಒಪ್ಪಂದ 2020ರಲ್ಲೇ ಆಗಿದೆ. ಹಾಡನ್ನೇ ನೋಂದಾಯಿಸದ ಕನ್ನಡದ ಕವಿಗಳ ಪಾಲು ಎಲ್ಲಿಂದ ಬರಬೇಕು ಹೇಳಿ.

ಇನ್ನೊಂದು. 80, 90ರ ದಶಕದ ಕರಾರುಪತ್ರದಲ್ಲಿ 'ಕ್ಯಾಸೆಟ್ ಹಕ್ಕು' ಅಂತ ಮಾತ್ರ ಇದ್ದರೆ ಡಿಜಿಟಲ್ ಹಕ್ಕು ಯಾರದ್ದು ಅನ್ನೋ ಜಗಳ ಹಳೇ ಹಾಡುಗಳಲ್ಲಿ ಇದ್ದೇ ಇದೆ. ಒಂದೇ ಹಾಡಿಗೆ ಎರಡು ಕಂಪನಿ ಕ್ಲೇಮ್ ಹಾಕೋದು ಅದರಿಂದಲೇ. ಅಂಥ ಕಡೆ ಒಬ್ಬರ ಹತ್ತಿರ ಪತ್ರ ತಂದರೂ ಇನ್ನೊಬ್ಬರ ಕ್ಲೇಮ್ ಹೋಗಲ್ಲ.

ಶ್ರುತಿಪೆಟ್ಟಿಗೆ:

ಎಲ್ಲರಿಗೂ ವಂದನೆ. ಕೊನೆಯ ಪ್ರಶ್ನೆ: ಸಣ್ಣ ಅಂಗಡಿಯವರು ಸ್ವತಂತ್ರ ಸಂಗೀತಗಾರರಿಂದ ಒಂದು ಟ್ಯೂನ್ ಮಾಡಿಸಿಕೊಂಡರೆ ಪತ್ರದಲ್ಲಿ ಏನೇನು ಬರೆಸಬೇಕು?

ಮಾಸ್ಟರ್‌ಟೇಪ್:

ಮಾಸ್ಟರ್ ಮತ್ತು ಸಂಯೋಜನೆ ಎರಡಕ್ಕೂ ಅನುಮತಿ ಅಂತ ಬೇರೆ ಬೇರೆಯಾಗಿ ಹೆಸರಿಸಿ. ಅವಧಿ, ಪ್ರದೇಶ ಬರೀದಿದ್ದರೆ ಕಾಯ್ದೆ ಪ್ರಕಾರ ಐದು ವರ್ಷ, ಭಾರತ ಮಾತ್ರ ಅಂತ ಆಗಿಬಿಡುತ್ತೆ. ಇಂಟರ್‌ನೆಟ್‌ನಲ್ಲಿ ಭಾರತ ಮಾತ್ರ ಅಂದರೆ ಅರ್ಥವಿಲ್ಲ, 'ವಿಶ್ವಾದ್ಯಂತ' ಅಂತಲೇ ಹಾಕಿ. ಬೂಸ್ಟ್, ಪೇಯ್ಡ್ ಜಾಹೀರಾತು, ಕೊಲಾಬ್ ಎಲ್ಲ ಹೆಸರು ಹಿಡಿದು ಬರೀರಿ. ಅವಧಿ ಮುಗಿದ ಮೇಲೆ ಹೊಸ ವಿಡಿಯೋ ಮಾಡಲ್ಲ, ಆದರೆ ಆಗಲೇ ಹಾಕಿದ್ದು ಹಾಗೇ ಇರುತ್ತೆ ಅನ್ನೋ ಸಾಲು ಮರೀಬೇಡಿ. ಟಿಕ್‌ಟಾಕ್‌ನಲ್ಲಿ ಜನ ಕಳಕೊಂಡದ್ದು ಆ ಒಂದು ಸಾಲು ಇಲ್ಲದ್ದರಿಂದ. ಸ್ಯಾಂಪಲ್ ಪ್ಯಾಕ್ ಬಳಸಿದ್ದರೆ ಯಾವುದು ಅಂತ ಸಂಗೀತಗಾರರು ಬರೆದುಕೊಡಲಿ.

ಅವರು ಆ ಟ್ಯೂನನ್ನ ವಿತರಕರ ಮೂಲಕ ಸ್ಪಾಟಿಫೈಗೂ ಹಾಕೋದಿದ್ದರೆ, ವಿತರಕರ ಡ್ಯಾಶ್‌ಬೋರ್ಡ್‌ನಲ್ಲಿ ಅಂಗಡಿಯ ಚಾನೆಲ್ಲನ್ನ ವೈಟ್‌ಲಿಸ್ಟ್ ಮಾಡಬೇಕು (ಕ್ಲೇಮ್ ಬೀಳದ ಪಟ್ಟಿಗೆ ಸೇರಿಸಬೇಕು), ಇಲ್ಲದಿದ್ದರೆ ದುಡ್ಡು ಕೊಟ್ಟ ಗಿರಾಕಿಗೇ ಕ್ಲೇಮ್ ಹೋಗುತ್ತೆ. ಅಲ್ಲಿ ಚಾನೆಲ್ ಹೆಸರಲ್ಲ, ಯೂಟ್ಯೂಬ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ 'ಯುಸಿ' ಇಂದ ಶುರುವಾಗೋ 24 ಅಕ್ಷರದ ಚಾನೆಲ್ ಐಡಿ ಇರುತ್ತಲ್ಲ, ಅದನ್ನ ಕೊಡಿ. ಪತ್ರದಲ್ಲೂ ಅದನ್ನೇ ಬರೆಸಿ. ಅಂಗಡಿ ಹೆಸರು ಬದಲಾದರೂ ಆ ಐಡಿ ಬದಲಾಗಲ್ಲ.